ಮುಖ ಮಾರಿಯೋದು, ಕಂಠ ಮಾರ್ಟಿನೇದು! ರೆಡ್‌ಮಂಡ್ ದಾರಿಯಲ್ಲಿ ಒಂದು ದಿನ

ಸಿನಿಮಾ ನೋಡುವ ನಮಗೆಲ್ಲ ಮುಖವೇ ದೇವರು. ಹೀರೋನ ಹುಬ್ಬು, ಮೀಸೆ, ಕ್ರಾಪು, ನಡೆಯುವ ಗತ್ತು ಎಲ್ಲ ಬಾಯಿಪಾಠ. "ಸರಿ ಸ್ವಾಮಿ, ಆ ಗಂಟಲು ಯಾರದ್ದು?" ಅಂತ ಒಂದು ಪ್ರಶ್ನೆ ಎಸೆದು ನೋಡಿ. ಬಾಲ್ಕನಿಯಿಂದ ಗಾಂಧಿ ಕ್ಲಾಸಿನ ತನಕ ಎಲ್ಲರೂ ಗಪ್‌ಚಿಪ್! ಕಂಠದಾನ ಮಾಡಿದವನ ಹೆಸರು ಟೈಟಲ್ ಕಾರ್ಡಿನಲ್ಲಿ ಒಂದು ಕ್ಷಣ ಮಿನುಗಿ ಮಾಯವಾಗುತ್ತದೆ. ಆ ಹೊತ್ತಿಗೆ ನಾವಿನ್ನೂ ಕತ್ತಲಲ್ಲಿ ಸೀಟು ಹುಡುಕುತ್ತಿರುತ್ತೇವೆ.

ಈ ವಾರ ಅಂಥ ಒಬ್ಬ ಕಂಠದಾನಿಯ ಜಾಡು ಹಿಡಿದು ನಿಮ್ಮನ್ನು ಬಲು ದೂರ ಕರೆದೊಯ್ಯುತ್ತೇನೆ. ಮದರಾಸಿನ ಡಬ್ಬಿಂಗ್ ಥಿಯೇಟರಿಗಲ್ಲ, ಹಾಲಿವುಡ್ಡಿಗೂ ಅಲ್ಲ. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯಕ್ಕೆ. (ಅಧ್ಯಕ್ಷರು ಇರುವ ವಾಷಿಂಗ್ಟನ್ ಬೇರೆ, ಅದು ದೇಶದ ಇನ್ನೊಂದು ತುದಿ.) ಇಲ್ಲಿ ಸಿಯಾಟಲ್ ಅಂತ ಮಳೆಯ ಊರು. ಅದರ ದಕ್ಷಿಣಕ್ಕೆ ಟಕ್ವಿಲಾ, ಪೂರ್ವಕ್ಕೆ ಸರೋವರ ದಾಟಿದರೆ ರೆಡ್‌ಮಂಡ್. ಪುಟಾಣಿಗಳ ವಿಡಿಯೋ ಗೇಮಿನ ಹೀರೋ ಮಾರಿಯೋಗೆ ಹೆಸರು ಬಿದ್ದದ್ದು ಮೊದಲನೆಯ ಊರಲ್ಲಿ. ಅವನ ಅಮೆರಿಕದ ಕಾರುಬಾರು ನಡೆಯುವುದು ಎರಡನೆಯ ಊರಲ್ಲಿ. ಕೆಂಪು ಟೋಪಿ, ನೀಲಿ ಮೇಲುಡುಪು, ದಪ್ಪ ಮೀಸೆಯ ಆ ಕುಳ್ಳ ಕೊಳಾಯಿ ರಿಪೇರಿಯವನನ್ನು ನೀವು ನೋಡಿಯೇ ಇರುತ್ತೀರಿ. ಅವನಿಗೆ ಸುಮಾರು ಮೂವತ್ತು ವರ್ಷ ಗಂಟಲು ಕೊಟ್ಟವನ ಹೆಸರು ಚಾರ್ಲ್ಸ್ ಮಾರ್ಟಿನೇ. ಏಕವಚನ ಅಭಿಮಾನದಿಂದ ಬರುತ್ತಿದೆ, ಅನ್ಯಥಾ ಭಾವಿಸಬೇಡಿ.

ನನ್ನ ಅಕ್ಕನ ಮಗ ರೆಡ್‌ಮಂಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮೈಕ್ರೋಸಾಫ್ಟ್ ಇರುವ ಊರಾದ್ದರಿಂದ ಅಲ್ಲಿ ತರಕಾರಿ ಅಂಗಡಿಯಲ್ಲೂ ಕನ್ನಡ ಕಿವಿಗೆ ಬೀಳುತ್ತದೆ. ಶನಿವಾರ ಬೆಳಿಗ್ಗೆ ಕಾರು ತೆಗೆದವನು, "ಮಾವ, ಬೋಯಿಂಗ್ ಮ್ಯೂಸಿಯಂ ತೋರಿಸ್ಲಾ? ಇಲ್ಲಾ ಹಿಮ ಬಿದ್ದಿರೋ ಬೆಟ್ಟ ನೋಡ್ತೀರಾ?" ಅಂದ. "ಎರಡೂ ಬೇಡ ಕಣೋ, ಟಕ್ವಿಲಾದಲ್ಲಿ ಗೋಡೌನುಗಳು ಇರೋ ಕಡೆ ಬಿಡು" ಅಂದೆ. ಹಿಂದಿನ ಸೀಟಿನಲ್ಲಿದ್ದ ಅವನ ಒಂಬತ್ತು ವರ್ಷದ ಮಗಳು ಕಿಸಕ್ಕನೆ ನಕ್ಕಳು.

ಟಕ್ವಿಲಾ ಇರುವುದು ವಿಮಾನ ನಿಲ್ದಾಣದ ಮಗ್ಗುಲಲ್ಲೇ. ಉದ್ದುದ್ದ ಶೆಡ್ಡುಗಳು, ಲಾರಿ ನಿಲ್ಲುವ ಜಾಗ, ಸೌತ್‌ಸೆಂಟರ್ ಎಂಬ ದೊಡ್ಡ ಮಾಲು. ನಮ್ಮ ಪೀಣ್ಯವನ್ನು ಗುಡಿಸಿ ಒರೆಸಿ, ನಡುನಡುವೆ ಮರ ನೆಟ್ಟರೆ ಹೇಗಿರುತ್ತದೋ ಹಾಗೆ. ಇಲ್ಲಿನ ಒಂದು ಬಾಡಿಗೆ ಗೋದಾಮಿನಲ್ಲಿ 1981ರಲ್ಲಿ ನಿಂಟೆಂಡೊ ಕಂಪನಿಯ ಅಮೆರಿಕ ಶಾಖೆ ತಲೆ ಮೇಲೆ ಕೈ ಹೊತ್ತು ಕೂತಿತ್ತು. ಮೂಲ ಕಂಪನಿ ಜಪಾನಿನ ಕ್ಯೋಟೋದ್ದು, 1889ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುತ್ತ ಶುರುವಾದದ್ದು. ಇಲ್ಲಿನ ಯಜಮಾನ ಮಿನೋರು ಅರಕಾವಾ 'ರಾಡಾರ್ ಸ್ಕೋಪ್' ಅನ್ನುವ ಆಟದ ಸುಮಾರು 3,000 ಪೆಟ್ಟಿಗೆ ತರಿಸಿದ್ದ. ಮಾರಾಟವಾದದ್ದು ಸಾವಿರದಷ್ಟು. ಮಿಕ್ಕ 2,000 ಪೆಟ್ಟಿಗೆ ಧೂಳು ಹಿಡಿಯುತ್ತಿದ್ದವು. ಬಿಡುಗಡೆಯಾದ ವಾರಕ್ಕೇ ಡಬ್ಬಾಕ್ಕೆ ಸೇರಿದ ಚಿತ್ರದ ರೀಲುಗಳನ್ನು ನೋಡುತ್ತ ಕೂತ ವಿತರಕನ ಹಾಗೆ ಅರಕಾವಾನ ಸ್ಥಿತಿ.

ಆಗ ಕ್ಯೋಟೋದಲ್ಲಿ ಶಿಗೆರು ಮಿಯಾಮೋಟೊ ಎಂಬ ತರುಣ ಅದೇ ಪೆಟ್ಟಿಗೆಗಳಿಗೆ ಕೂರುವಂಥ ಹೊಸ ಆಟ ಕಟ್ಟಿದ. 'ಡಾಂಕಿ ಕಾಂಗ್.' ದೊಡ್ಡ ಗೊರಿಲ್ಲ ಹುಡುಗಿಯನ್ನು ಹೊತ್ತೊಯ್ಯುತ್ತದೆ, ಮೀಸೆಯ ಬಡಗಿ ಏಣಿ ಹತ್ತಿ ಬಿಡಿಸಬೇಕು. ನಮ್ಮ ಕ್ಲೈಮ್ಯಾಕ್ಸೇ! ಗೋದಾಮಿನವರು ಕೈಯಾರೆ ಒಂದೊಂದೇ ಪೆಟ್ಟಿಗೆ ಬಿಚ್ಚಿ ಹೊಸ ಆಟ ಕೂರಿಸಿದರು. ಆ ಬಡಗಿಗೆ ಮೊದಲು ಇದ್ದ ಹೆಸರು 'ಜಂಪ್‌ಮನ್', ಅಂದರೆ ನೆಗೆಯುವವನು. ಅಮೆರಿಕಕ್ಕೆ ಬೇರೆ ಹೆಸರು ಹುಡುಕುತ್ತಿರುವಾಗ ಗೋದಾಮಿನ ಮಾಲೀಕ ಬಾಡಿಗೆ ಬಾಕಿ ಕೇಳಿಕೊಂಡು ಬಂದು ಗಲಾಟೆ ಮಾಡಿದನಂತೆ. ಅವನ ಹೆಸರು ಮಾರಿಯೋ ಸೆಗಾಲೆ. ಅವನನ್ನು ಸಮಾಧಾನ ಮಾಡಿ ಕಳಿಸಿದ ಮೇಲೆ ಅದೇ ಹೆಸರನ್ನು ಹೀರೋಗೆ ಅಂಟಿಸಿಬಿಟ್ಟರು. ಗಲಾಟೆ ಎಷ್ಟು ಜೋರಾಗಿತ್ತು ಅನ್ನುವುದರಲ್ಲಿ ಕತೆ ಹೇಳುವವರ ಉಪ್ಪುಖಾರ ಇದ್ದೀತು. ಆದರೆ ಹೆಸರು ಬಂದದ್ದು ಬಾಡಿಗೆಯ ಮಾಲೀಕನಿಂದಲೇ ಅಂತ ಮಿಯಾಮೋಟೊ ತಾನೇ ಒಪ್ಪಿದ್ದಾನೆ. ಸೆಗಾಲೆ ಮಹಾಶಯನಿಗೆ ಈ ಪ್ರಸಿದ್ಧಿ ಬೇಡವಾಗಿತ್ತು. ಜಮೀನು, ಕಟ್ಟಡಗಳ ವ್ಯವಹಾರ ನೋಡಿಕೊಂಡು ಕ್ಯಾಮೆರಾಗಳಿಂದ ದೂರ ಇದ್ದು 2018ರಲ್ಲಿ ತೀರಿಕೊಂಡ.

ಅಲ್ಲೆಲ್ಲೂ ನನಗೆ ಒಂದು ಫಲಕ ಕಾಣಲಿಲ್ಲ. ಲಾರಿಗಳು ಬರುತ್ತಿದ್ದವು, ಹೋಗುತ್ತಿದ್ದವು.

ಹೆಸರೇನೋ ಬಂತು, ಮಾತು ಬರಲಿಲ್ಲ. ಇದನ್ನು ಸ್ವಲ್ಪ ಗಮನಿಸಿ. ನೆಗೆದರೆ 'ಬೊಯ್ಂ', ನಾಣ್ಯ ಸಿಕ್ಕರೆ 'ಟಿಂಗ್', ಸತ್ತರೆ ಒಂದು ಪುಟ್ಟ ಸಂಗೀತ. ಅಷ್ಟೇ. ಕಾರು ಉತ್ತರಕ್ಕೆ ಹೊರಟಾಗ ಅಳಿಯ ಹೇಳಿದ: "ಮಾವ, ತಿಪಟೂರಲ್ಲಿ ನಮ್ಮನೇಲಿ ಒಂದು ಟಿವಿ ಗೇಮ್ ಇತ್ತಲ್ಲ, ಹಳದಿ ಕ್ಯಾಸೆಟ್ಟು ಹಾಕ್ತಿದ್ವಿ, ನೆನಪಿದ್ಯಾ? ಅದ್ರಲ್ಲಿ ಮಾರಿಯೋ ಮೂಗನೇ." ಹೌದು, ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಟಿವಿ ಅಂಗಡಿಗಳಲ್ಲಿ ಸಿಗುತ್ತಿದ್ದ ನಕಲಿ ಪೆಟ್ಟಿಗೆಗಳ ಒಳಗೆ ಇದ್ದವನು ಮೂಕ ಮಾರಿಯೋ. ಕನ್ನಡ ಚಿತ್ರಕ್ಕೆ 1934ರಲ್ಲಿ 'ಸತಿ ಸುಲೋಚನ' ಬಂದು ಬಾಯಿ ಬಂತು ನೋಡಿ, ಹಾಗೆ ಮಾರಿಯೋಗೂ ಒಂದು ಮೂಕಿ ಯುಗ, ಒಂದು ಟಾಕಿ ಯುಗ. ಅವನ 'ಸತಿ ಸುಲೋಚನ' 1996ರ 'ಸೂಪರ್ ಮಾರಿಯೋ 64'. ಅಷ್ಟರಲ್ಲಿ ಹೀರೋಗೆ ಹದಿನೈದು ವರ್ಷದ ಅಭಿಮಾನಿ ಬಳಗ ಇತ್ತು. ಒಬ್ಬೊಬ್ಬ ಮಗುವೂ ತಲೆಯೊಳಗೆ ಅವನಿಗೆ ತನ್ನದೇ ಒಂದು ದನಿ ಕೊಟ್ಟುಕೊಂಡಿತ್ತು. ಅಂಥವನಿಗೆ ಕಂಠ ಕೊಡುವುದೆಂದರೆ ಹುಡುಗಾಟವಲ್ಲ.

ಸಿಯಾಟಲ್ ಹೊಕ್ಕುವ ಮುಂಚೆ ಎಡಕ್ಕೆ ಬೇಸ್‌ಬಾಲ್ ಕ್ರೀಡಾಂಗಣ. ಮ್ಯಾರಿನರ್ಸ್ ತಂಡದ್ದು. 1992ರಲ್ಲಿ ಈ ತಂಡ ಊರು ಬಿಟ್ಟು ಹೋಗುವ ಹಾಗಿದ್ದಾಗ ದುಡ್ಡು ಹಾಕಿ ಉಳಿಸಿದವನು ನಿಂಟೆಂಡೊ ದೊರೆ ಹಿರೋಶಿ ಯಮೌಚಿ. ತಮಾಷೆ ಅಂದರೆ ಆ ಪುಣ್ಯಾತ್ಮ ತನ್ನ ತಂಡದ ಒಂದು ಪಂದ್ಯವನ್ನೂ ಕ್ರೀಡಾಂಗಣಕ್ಕೆ ಬಂದು ನೋಡಲಿಲ್ಲ! ಅಲ್ಲಿಂದ ಬಲಕ್ಕೆ ತಿರುಗಿ ವಾಷಿಂಗ್ಟನ್ ಸರೋವರದ ಮೇಲಿನ ತೇಲು ಸೇತುವೆ. ಕಂಬಗಳ ಮೇಲೆ ನಿಂತದ್ದಲ್ಲ, ನೀರಿನ ಮೇಲೆ ತೇಲುವ ಕಾಂಕ್ರೀಟ್ ದೋಣಿಗಳ ಮೇಲೆ ಹಾಸಿದ ರಸ್ತೆ. ಸುಮಾರು 2,350 ಮೀಟರ್ ಉದ್ದ. ತೇಲುವ ಸೇತುವೆಗಳಲ್ಲಿ ಇಷ್ಟು ಉದ್ದದ್ದು ಜಗತ್ತಿನಲ್ಲಿ ಬೇರೆ ಇಲ್ಲ. ಆ ದಿನ ತುಂತುರು ಹನಿಯುತ್ತಿತ್ತು, ಎರಡೂ ಕಡೆ ನೀರು ಬೂದಿ ಬಣ್ಣ. ಟೋಲ್ ಕಟ್ಟಬೇಕು, ಆದರೆ ಗಾಡಿ ನಿಲ್ಲಿಸಬೇಕಾಗಿಲ್ಲ, ಕ್ಯಾಮೆರಾ ನೋಡಿಕೊಳ್ಳುತ್ತದೆ.

ಸೇತುವೆ ದಾಟಿ ಹತ್ತು ನಿಮಿಷಕ್ಕೆ ರೆಡ್‌ಮಂಡ್. ನಿಂಟೆಂಡೊ ಇಲ್ಲಿಗೆ ಬಂದದ್ದು 1982ರಲ್ಲಿ, ಡಾಂಕಿ ಕಾಂಗ್ ತಂದ ದುಡ್ಡಿನಲ್ಲಿ. ಕಚೇರಿ ಅಂದರೆ ಎತ್ತರದ ಗೋಪುರ, ದೊಡ್ಡ ಕಟೌಟು ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ದೇವದಾರು ಜಾತಿಯ ಮರಗಳ ಹಿಂದೆ ಗಾಜಿನ ಕಟ್ಟಡ, ಮುಂದೆ ಹೆಸರು, ಒಳಗೆ ಕೆಲಸವಿಲ್ಲದವರಿಗೆ ಪ್ರವೇಶವಿಲ್ಲ. ನಾವು ರಸ್ತೆಯಿಂದಲೇ ನೋಡಿದೆವು. ಹುಡುಗಿ ಗಾಜಿಗೆ ಮೂಗು ಒತ್ತಿ, "ತಾತ, ಮಾರಿಯೋ ಒಳಗಡೆ ಇದಾನಾ?" ಅಂದಳು. ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೋ ಗೇಟಿನ ಹತ್ತಿರ ನಿಂತು ನಾವೂ ಹೀಗೇ ಕೇಳಿದವರಲ್ಲವೇ?

ಒಂದು ದನಿಯಂತೂ ಈ ಕಚೇರಿಯಿಂದಲೇ ಆಟದೊಳಗೆ ಹೋಗಿದೆ. 'ಸೂಪರ್ ಮಾರಿಯೋ 64'ರಲ್ಲಿ ರಾಜಕುಮಾರಿ ಪೀಚ್ ಪತ್ರ ಓದುತ್ತಾಳೆ. ಆ ಕಂಠ ಲೆಸ್ಲಿ ಸ್ವಾನ್ ಎಂಬಾಕೆಯದು. ಆಕೆ ನಟಿಯಲ್ಲ, ಕಂಪನಿಯ ಪತ್ರಿಕೆಯ ಸಂಪಾದಕ ಬಳಗದವಳು, ಆಟದ ಇಂಗ್ಲಿಷ್ ಮಾತು ಬರೆಯುವ ಕೆಲಸದಲ್ಲಿದ್ದವಳು. ಸಂಭಾಷಣೆ ಬರೆದವರೇ ಮೈಕಿನ ಮುಂದೆ ನಿಂತ ಹಾಗೆ. ಇದೇ ಸೀಮೆಯಲ್ಲಿ, ಉತ್ತರಕ್ಕೆ ಬಾಥೆಲ್ ಕಡೆ, ಹ್ಯೂಮಂಗಸ್ ಎಂಟರ್‌ಟೈನ್‌ಮೆಂಟ್ ಅನ್ನುವ ಕಂಪನಿ ಬರೇ ಪುಟಾಣಿಗಳಿಗೇ ಆಟ ಮಾಡುತ್ತಿತ್ತು. ಕತ್ತಲಿಗೆ ಹೆದರುವ ಹುಡುಗ 'ಪಜಾಮ ಸ್ಯಾಮ್' ಅವರದ್ದೇ, ಅದೂ 1996. ಆ ಹುಡುಗನಿಗೆ ಮಾತು ಕೊಟ್ಟವಳು ಹೆಂಗಸು, ಪಮೇಲಾ ಆಡ್ಲನ್ (ಆಗ ಸೆಗಾಲ್). ಮುಂದೆ ಟಿವಿಯ ಕಾರ್ಟೂನ್ ಹುಡುಗನೊಬ್ಬನಿಗೆ ಕಂಠ ಕೊಟ್ಟು 2002ರಲ್ಲಿ ಎಮ್ಮಿ ಪ್ರಶಸ್ತಿ ಹೊಡೆದಳು. ಗಂಡು ಮಕ್ಕಳ ದನಿ ಒಡೆದುಹೋಗುತ್ತದೆ, ಹೆಂಗಸರದ್ದು ಒಡೆಯುವುದಿಲ್ಲ. ನಮ್ಮ ಡಬ್ಬಿಂಗ್‌ನವರೂ ಬಲ್ಲ ಗುಟ್ಟು ಇದು.

ಇನ್ನು ನಮ್ಮ ಕಥಾನಾಯಕನಿಗೆ ಬರೋಣ. ಮಾರ್ಟಿನೇ ಈ ಊರಿನವನಲ್ಲ. ಹುಟ್ಟಿದ್ದು 1955ರಲ್ಲಿ, ಕ್ಯಾಲಿಫೋರ್ನಿಯಾದ ಸಾನ್ ಹೋಸೆಯಲ್ಲಿ. ಹುಡುಗನಾಗಿದ್ದಾಗ ಮನೆಯವರು ಯುರೋಪಿಗೆ ಹೋದದ್ದರಿಂದ ಫ್ರೆಂಚೂ ಸ್ಪಾನಿಷೂ ನಾಲಿಗೆಗೆ ಹತ್ತಿದವು. ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ ಸೇರಿದವನು ಓದು ಬಿಟ್ಟು ನಾಟಕದ ಕಡೆ ತಿರುಗಿದ. ಬರ್ಕ್‌ಲಿ ರೆಪರ್ಟರಿಯಲ್ಲಿ ಪಳಗಿ, ಲಂಡನ್ನಿಗೂ ಹೋಗಿ ಅಭಿನಯ ಕಲಿತು ಬಂದ. ಹೊಟ್ಟೆಪಾಡಿಗೆ ಕಂಪನಿಗಳ ವಿಡಿಯೋ, ವ್ಯಾಪಾರ ಮೇಳದ ನಿರೂಪಣೆ, ಸಿಕ್ಕಿದ್ದೆಲ್ಲ.

1990ರ ಸುಮಾರಿಗೆ ಒಬ್ಬ ಗೆಳೆಯ ಸುದ್ದಿ ಕೊಟ್ಟ: ಒಂದು ಮೇಳದಲ್ಲಿ ಕೊಳಾಯಿ ರಿಪೇರಿಯವನಾಗಿ ಜನರ ಜೊತೆ ಮಾತಾಡಬೇಕಂತೆ, ವಾಯ್ಸ್ ಟೆಸ್ಟ್ ಇದೆ, ಹೋಗು. ಕರೆ ಬಂದಿರಲಿಲ್ಲ. ಆದರೂ ಹೋದ. ಹೋಗುವ ಹೊತ್ತಿಗೆ ಪರೀಕ್ಷೆ ಮುಗಿದು ಅವರು ಕ್ಯಾಮೆರಾ ಸಾಮಾನು ಕಟ್ಟಿಕೊಳ್ಳುತ್ತಿದ್ದರು. "ನಂದೊಂದು ನೋಡಿಬಿಡಿ" ಅಂತ ಕೇಳಿಕೊಂಡ. ಸರಿ, ನೀನು ಬ್ರೂಕ್ಲಿನ್ನಿನ ಇಟಲಿ ಮೂಲದ ಕೊಳಾಯಿ ಕೆಲಸದವನು, ಏನಾದರೂ ಮಾತಾಡು, ಮಾತು ಮುಗಿದಾಗ ಪರೀಕ್ಷೆ ಮುಗಿಯಿತು ಅಂದರು.

ಇಲ್ಲೇ ಇರುವುದು ನಟನ ಬುದ್ಧಿ. ಬ್ರೂಕ್ಲಿನ್ ಅಂದೊಡನೆ ತಲೆಗೆ ಬಂದದ್ದು ಒರಟು ಗಂಟಲು. ರೌಡಿಯ ಹಾಗೆ, ಸಿಗರೇಟು ಕಚ್ಚಿಕೊಂಡು ಬೈಯುವ ಹಾಗೆ. ಬಾಯಿ ತೆರೆಯುವ ಮುಂಚೆ ಯೋಚಿಸಿದನಂತೆ: ಎದುರಿಗೆ ನಿಲ್ಲುವವು ಮಕ್ಕಳು, ಹೆದರಿಬಿಟ್ಟಾವು. ಹಿಂದೆ ಷೇಕ್ಸ್‌ಪಿಯರ್ ನಾಟಕದಲ್ಲಿ ಗ್ರೆಮಿಯೋ ಎಂಬ ಇಟಲಿಯ ಮುದುಕನ ಪಾತ್ರ ಮಾಡಿದ್ದ. ಆ ದನಿಯನ್ನೇ ಎತ್ತರಿಸಿ, ವಯಸ್ಸು ಇಳಿಸಿ, ಸಕ್ಕರೆ ಬೆರೆಸಿ ಶುರು ಮಾಡಿದ. ಬಾ, ಪಿಜ್ಜಾ ಮಾಡೋಣ, ಶಾವಿಗೆ ಬೇಯಿಸೋಣ ಅಂತ ಟೇಪು ಮುಗಿಯುವವರೆಗೂ ನಿಲ್ಲಿಸಲಿಲ್ಲ. ಚಾನ್ಸು ಸಿಕ್ಕಿತು. ಗಂಟಲಿನ ಸಾಮರ್ಥ್ಯಕ್ಕಿಂತ ಮಕ್ಕಳು ಹೆದರಬಾರದು ಅನ್ನುವ ಆ ಒಂದು ಯೋಚನೆಗೇ ಚಾನ್ಸು ಸಿಕ್ಕಿತು ಅಂತ ನನ್ನ ಅಭಿಪ್ರಾಯ. ಒರಟು ಗಂಟಲು ಎಷ್ಟು ಜನಕ್ಕಿಲ್ಲ!

ಮೊದಮೊದಲು ಕೆಲಸ ಮೇಳಗಳಲ್ಲೇ. ದೊಡ್ಡ ಟಿವಿ ಪರದೆಯ ಮೇಲೆ ಮಾರಿಯೋನ ತಲೆ ಮಾತ್ರ ತೇಲುತ್ತದೆ. ಹಿಂದೆ ಮರೆಯಲ್ಲಿ ಮಾರ್ಟಿನೇ, ಮುಖಕ್ಕೆ ತಂತಿ ಉಪಕರಣ ಕಟ್ಟಿಕೊಂಡು. ಇವನ ತುಟಿ ಅಲ್ಲಾಡಿದರೆ ಮಾರಿಯೋನ ತುಟಿ ಅಲ್ಲಾಡುತ್ತದೆ. ಅಡಗಿಸಿಟ್ಟ ಕ್ಯಾಮೆರಾದಿಂದ ಎದುರು ನಿಂತವರು ಇವನಿಗೆ ಕಾಣುತ್ತಾರೆ, ಇವನು ಅವರಿಗೆ ಕಾಣುವುದಿಲ್ಲ. ತೊಗಲುಗೊಂಬೆ ಆಟದ ಭಾಗವತರ ಕಸುಬೇ ಅನ್ನಿ, ಬಟ್ಟೆಯ ತೆರೆ ಹೋಗಿ ಗಾಜಿನ ತೆರೆ ಬಂದಿದೆ. ಬರೆದ ಸಂಭಾಷಣೆ ಇಲ್ಲ. ಕೆಂಪು ಅಂಗಿಯ ಹುಡುಗ ಬಂದರೆ ಕೆಂಪು ಅಂಗಿಯ ಬಗ್ಗೆ ಮಾತು, ಅಳುವ ಮಗು ಬಂದರೆ ಸಮಾಧಾನ. ದಿನವಿಡೀ ಹೀಗೆ ಆಡಿ ಆಡಿ ಮಾರಿಯೋನ ಸ್ವಭಾವವೇ ಇವನ ಬಾಯಲ್ಲಿ ಪಾಕಕ್ಕೆ ಬಂತು. 1994ರಲ್ಲಿ ಮಕ್ಕಳಿಗೆ ಟೈಪಿಂಗ್ ಕಲಿಸುವ ಒಂದು ಮಾರಿಯೋ ಆಟದ ಸಿ.ಡಿ.ಗೆ ಕಂಠ ಕೊಟ್ಟ. ಜೂನಿಯರ್, ಸೀನಿಯರ್ ಅಂತ ಟೈಪ್ ಇನ್‌ಸ್ಟಿಟ್ಯೂಟಿನಲ್ಲಿ ಬೆರಳು ನೋಯಿಸಿಕೊಂಡವರು ಹೊಟ್ಟೆಕಿಚ್ಚು ಪಡಬೇಕಾದ ಸಂಗತಿ.

ಆಮೇಲೆ 1996. ಆ ಆಟದ ಇಡೀ ಕಾರ್ಟ್ರಿಜ್ 8 ಎಂ.ಬಿ. ನಿಮ್ಮ ಫೋನಿನಲ್ಲಿ ತೆಗೆದ ಎರಡು ಮೂರು ಫೋಟೋ ಹಾಕಿದರೆ ತುಂಬಿಹೋಗುವಷ್ಟು ಜಾಗ! ಅದರೊಳಗೆ ಕೋಟೆ, ಹಿಮ, ಬೆಂಕಿ, ನೀರು, ಸಂಗೀತ ಎಲ್ಲ ಇರಬೇಕು. ಮಾತಿಗೆ ಉಳಿಯುವುದು ಚೂರುಪಾರು. ಹಾಗಾಗಿ ವಾಕ್ಯಗಳಿಲ್ಲ, ಬರೇ ಉದ್ಗಾರಗಳು. ಒಮ್ಮೆ ನೆಗೆದರೆ 'ಯಾ', ಎರಡನೆಯ ಸಲ 'ಹೂ', ಮೂರನೆಯದಕ್ಕೆ ಮೈಯೆಲ್ಲ ಬಿಚ್ಚಿ 'ಯಾಹೂ'. ಬೆಂಕಿ ತಗುಲಿದರೆ ಒಂದು ಕೂಗು, ಬೀಳುವಾಗ ಒಂದು, ಮುಳುಗುವಾಗ ಒಂದು. ಆಟ ಆಡದೆ ಸುಮ್ಮನೆ ಬಿಟ್ಟರೆ ಮಾರಿಯೋ ಕೂತಲ್ಲೇ ನಿದ್ದೆ ಹೋಗಿ ಕನಸಿನಲ್ಲಿ ಊಟದ ಹೆಸರು ಹೇಳುತ್ತಾನೆ. ವಾಯ್ಸ್ ಟೆಸ್ಟಿನ ಶಾವಿಗೆ ಅಲ್ಲೂ ಬಿಡಲಿಲ್ಲ ನೋಡಿ.

ಅಳಿಯನ ಮನೆಯಲ್ಲಿ ಸಂಜೆ ಹುಡುಗಿ ಆ ಹಳೆಯ ಆಟವನ್ನು ಹೊಸ ಸ್ವಿಚ್ ಯಂತ್ರದಲ್ಲಿ ಹಾಕಿದಳು. ನಾನು ಬೇಕೆಂದೇ ಕಣ್ಣು ಮುಚ್ಚಿ ಕೂತೆ. ಬರೇ ಕೇಳಿದರೂ ಎಲ್ಲ ತಿಳಿಯುತ್ತದೆ! ಈಗ ಓಡುತ್ತಿದ್ದಾನೆ, ಈಗ ಹೊಂಡ ದಾಟಿದ, ಈಗ ಬಿದ್ದ, ಅಯ್ಯೋ ಸುಟ್ಟುಕೊಂಡ. ಸಿನಿಮಾದಲ್ಲಿ ಕಂಠದಾನ ಮಾಡುವವನು ಹೀರೋನ ತುಟಿ ನೋಡಿಕೊಂಡು ಮಾತಾಡುತ್ತಾನೆ. ಒಂದು ಸಲ ಆಡಿದರೆ ಅದು ಆ ದೃಶ್ಯಕ್ಕೆ ಮೀಸಲು. ಇಲ್ಲಿ ಹಾಗಲ್ಲ. ನಟ ಮೈಕಿನ ಮುಂದೆ ನಿಂತು ಪಟ್ಟಿ ಹಿಡಿದು ಕೂಗುತ್ತಾನೆ. ಆ ಕೂಗುಗಳನ್ನು ಗುಂಡಿಗಳಿಗೆ ಕಟ್ಟಿಡುತ್ತಾರೆ. ಯಾವಾಗ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಅನ್ನುವುದು ಮಗುವಿನ ಹೆಬ್ಬೆರಳಿಗೆ ಬಿಟ್ಟದ್ದು. ಆ ಹುಡುಗಿ ಅರ್ಧ ಗಂಟೆಯಲ್ಲಿ 'ಯಾಹೂ'ವನ್ನು ಇನ್ನೂರು ಸಲವಾದರೂ ಕರೆದಿರಬೇಕು. ಇನ್ನೂರನೆಯ ಸಲವೂ ಕಿವಿಗೆ ಬೇಸರವಾಗಬಾರದು. ಒಂದು ಉದ್ಗಾರಕ್ಕೆ ಆ ಗುಣ ತುಂಬುವುದು ಎಷ್ಟು ಕಷ್ಟ, ಮನೆಯಲ್ಲಿ ಕನ್ನಡಿ ಮುಂದೆ ನಿಂತು ಕೂಗಿ ನೋಡಿ. ಪಕ್ಕದ ಮನೆಯವರನ್ನು ಮೊದಲೇ ಎಚ್ಚರಿಸಿ.

ತಮ್ಮ ಲುಯಿಜಿ, ದುಷ್ಟ ವಾರಿಯೋ, ಉದ್ದ ಕಾಲಿನ ವಲುಯಿಜಿ ಎಲ್ಲರಿಗೂ ಇದೇ ಗಂಟಲು. ಅಣ್ಣನೂ ಇವನೇ, ತಮ್ಮನೂ ಇವನೇ, ವಿಲನ್ನೂ ಇವನೇ. ತ್ರಿಪಾತ್ರವನ್ನೂ ಮೀರಿದ ಅಭಿನಯ! 2011ರ 'ಸ್ಕೈರಿಮ್' ಎಂಬ ದೊಡ್ಡವರ ಆಟದಲ್ಲಿ ಬೆಟ್ಟದ ಮೇಲೆ ಕೂತು ವೇದಾಂತ ಹೇಳುವ ಮುದಿ ಡ್ರ್ಯಾಗನ್ ಕೂಡ ಇವನೇ ಅಂದರೆ ನಂಬುತ್ತೀರಾ? ಮಾರಿಯೋ ಆಗಿ ನೂರಕ್ಕೂ ಹೆಚ್ಚು ಆಟಗಳಿಗೆ ಕಂಠ ಕೊಟ್ಟು ಗಿನ್ನೆಸ್ ದಾಖಲೆಗೆ ಸೇರಿದ.

ನಮ್ಮಲ್ಲಿ ಕಂಠದಿಂದ ಮುಖಕ್ಕೆ ಬಂದವರಿದ್ದಾರೆ. ಸಾಯಿಕುಮಾರ್ ತೆಲುಗಿನಲ್ಲಿ ಸುಮನ್, ರಾಜಶೇಖರ್ ಅವರಿಗೆ ಮಾತು ಕೊಟ್ಟು ಕೊಟ್ಟು, 1996ರಲ್ಲೇ, ಅದೇ ವರ್ಷ ನೋಡಿ, ಕನ್ನಡದ 'ಪೊಲೀಸ್ ಸ್ಟೋರಿ'ಯಲ್ಲಿ ಖಾಕಿ ಹಾಕಿ ಗುಡುಗಿದರು. ತಮ್ಮ ರವಿಶಂಕರ್ ವರ್ಷಗಟ್ಟಲೆ ತೆರೆಮರೆಯಲ್ಲಿದ್ದು 2011ರ 'ಕೆಂಪೇಗೌಡ'ದಲ್ಲಿ ಆರ್ಮುಗಂ ಆಗಿ ಎದ್ದು ಬಂದರು. ಇನ್ನೊಂದು ದಾರಿಯೂ ಉಂಟು. ರಾಜ್ ಶರೀರ, ಪಿ.ಬಿ. ಶ್ರೀನಿವಾಸ್ ಶಾರೀರ ಅನ್ನುವ ಮಾತು ನಿಮಗೆ ಗೊತ್ತು. 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಅಣ್ಣಾವ್ರು ತಾವೇ ಹಾಡಿದರು, ಜನ ಕುಣಿದರು. ಮುಂದೆ ಶರೀರ, ಶಾರೀರ ಎರಡೂ ಒಂದೇ ಆದವು. ಅದು ನ್ಯಾಯವೇ, ಅವರ ದನಿ ಅವರದ್ದು. ಆದರೂ ಪಿ.ಬಿ.ಎಸ್. ಹಾಡು ಕೇಳುವಾಗ ಈಗಲೂ ಕಣ್ಣೆದುರು ಬರುವುದು ರಾಜ್ ಮುಖವೇ ಅಲ್ಲವೇ?

ಮಾರಿಯೋಗೆ ಸ್ವಂತ ದನಿ ಅಂತ ಇಲ್ಲ. ಅವನು ಬಣ್ಣ, ಗೆರೆ, ಲೆಕ್ಕ. ಹಾಗಾಗಿ ಅವನ ದನಿ ಯಾರದ್ದು ಅನ್ನುವುದನ್ನು ಕಂಪನಿ ತೀರ್ಮಾನಿಸುತ್ತದೆ. 2021ರ ಸೆಪ್ಟೆಂಬರಿನಲ್ಲಿ ಸುದ್ದಿ ಬಂತು: ಮಾರಿಯೋ ಬೆಳ್ಳಿತೆರೆಗೆ ಬರುತ್ತಿದ್ದಾನೆ, ಕಂಠ ಹಾಲಿವುಡ್ ಸ್ಟಾರ್ ಕ್ರಿಸ್ ಪ್ರ್ಯಾಟ್‌ದು. ಮಾರ್ಟಿನೇಗೆ? ಸಣ್ಣಪುಟ್ಟ ಅಚ್ಚರಿಯ ಪಾತ್ರಗಳು. ಅಭಿಮಾನಿಗಳು ಕೂಗಾಡಿದರು. 2023ರ ಏಪ್ರಿಲ್‌ನಲ್ಲಿ ಚಿತ್ರ ಬಂತು. ಮಾರಿಯೋನ ಅಪ್ಪನಿಗೆ ಮತ್ತು ಜುಸೆಪ್ಪೆ ಎಂಬ ಒಬ್ಬ ಗಿರಾಕಿಗೆ ಮಾರ್ಟಿನೇ ಮಾತು ಕೊಟ್ಟಿದ್ದ. ಚಿತ್ರ 130 ಕೋಟಿ ಡಾಲರಿಗೂ ಹೆಚ್ಚು ಬಾಚಿತು. ಪೋಸ್ಟರಿನಲ್ಲಿ ಸ್ಟಾರ್ ಹೆಸರು ಇದ್ದರೆ ಟಿಕೆಟ್ ಹೋಗುತ್ತದೆ ಅನ್ನುವ ಲೆಕ್ಕ ಗಾಂಧಿನಗರದಲ್ಲೂ ಒಂದೇ, ಹಾಲಿವುಡ್ಡಿನಲ್ಲೂ ಒಂದೇ. ಮಕ್ಕಳು ಪೋಸ್ಟರ್ ಓದಿ ಬರುತ್ತಾರೆ ಅಂತ ಮಾತ್ರ ನನಗೆ ನಂಬಿಕೆಯಿಲ್ಲ.

ನಾಲ್ಕು ತಿಂಗಳಾದ ಮೇಲೆ, 2023ರ ಆಗಸ್ಟ್ 21ರಂದು ಕಂಪನಿ ಪ್ರಕಟಿಸಿತು: ಮಾರ್ಟಿನೇ ಇನ್ನು ಮುಂದೆ ಆಟಗಳಿಗೆ ಕಂಠ ಕೊಡುವುದಿಲ್ಲ, 'ಮಾರಿಯೋ ರಾಯಭಾರಿ'ಯಾಗಿ ಜಗತ್ತು ಸುತ್ತುತ್ತಾನೆ. ಸಾಯುವ ತನಕ ಮಾರಿಯೋ ಆಗಿರಬೇಕು ಅಂತ ಹಿಂದೆ ಹೇಳಿಕೊಂಡಿದ್ದವನು ಇವನು. ಆ ಹೊಸ ಹುದ್ದೆ ಅಂದರೆ ಏನು ಅಂತ ತನಗೂ ಇನ್ನೂ ಸರಿಯಾಗಿ ತಿಳಿದಿಲ್ಲ ಅಂತ ಒಂದು ಅಭಿಮಾನಿ ಮೇಳದಲ್ಲಿ ನಗುತ್ತಲೇ ಅಂದ. ಆ ನಗುವಿನ ಒಳಗೆ ಏನಿತ್ತೋ ಅವನಿಗೇ ಗೊತ್ತು. ಮಿಯಾಮೋಟೊ ಅವನ ಪಕ್ಕ ಕೂತು ಧನ್ಯವಾದ ಹೇಳಿದ ವಿಡಿಯೋ ಬಂತು. ಸದ್ದಿಲ್ಲದೆ ಹೆಸರು ತೆಗೆದುಬಿಡುವ ಈ ಧಂಧೆಯಲ್ಲಿ ಅದೂ ದೊಡ್ಡ ಮರ್ಯಾದೆಯೇ. ಅದೇ ಅಕ್ಟೋಬರ್ 20ಕ್ಕೆ ಬಂದ 'ಸೂಪರ್ ಮಾರಿಯೋ ಬ್ರದರ್ಸ್ ವಂಡರ್'ನಲ್ಲಿ ಕಂಠ ಕೆವಿನ್ ಅಫ್ಘಾನಿ ಎಂಬ ಹೊಸಬನದು.

ಹುಡುಗಿಯನ್ನು ಅದನ್ನೂ ಹಾಕು ಅಂದೆ. ಎರಡೂ ಕೇಳಿಸಿಕೊಂಡು, "ವ್ಯತ್ಯಾಸ ಗೊತ್ತಾಗುತ್ತಾ ಮಗಳೇ?" ಅಂತ ವಿಚಾರಿಸಿದೆ. "ಸ್ವಲ್ಪ ತಾತ. ಹಳೇ ಮಾರಿಯೋ ಜಾಸ್ತಿ ನಗ್ತಾನೆ." ಅಡಿಗೆಮನೆಯಿಂದ ಅವಳಪ್ಪ ಕೂಗಿದ, "ಹೊಸಬನೂ ಚೆನ್ನಾಗೇ ಮಾಡ್ತಾನೆ ಮಾವ, ಪಾಪ ಅವನಿಗೂ ಒಂದು ಚಾನ್ಸ್ ಬೇಡ್ವಾ?" ಬೇಕು. ಮಾರಿಯೋಗೆ ವಯಸ್ಸಾಗುವುದಿಲ್ಲ, ಗಂಟಲಿಗೆ ಆಗುತ್ತದೆ. ಹೊಸಬ ಬಂದೇ ಬರಬೇಕು. ಅವನ ಕಷ್ಟವೂ ಸಣ್ಣದಲ್ಲ. ಹಳೆಯವನ ಹಾಗೇ ಇದ್ದರೆ ನಕಲು ಅನ್ನುತ್ತಾರೆ, ಬೇರೆ ಥರ ಇದ್ದರೆ ಇದು ಮಾರಿಯೋನೇ ಅಲ್ಲ ಅನ್ನುತ್ತಾರೆ.

ಗಂಟಲಿನ ಮಾತು ಬಂತು, ದುಡ್ಡಿನ ಮಾತೂ ಆಗಲಿ. ಅಮೆರಿಕದ ಕಲಾವಿದರ ಸಂಘದ ಲೆಕ್ಕದಲ್ಲಿ ಗೇಮಿನ ಕಂಠಕ್ಕೆ ಸಂಬಳ ಪಾಳಿಯ ಮೇಲೆ, ಸಾಮಾನ್ಯವಾಗಿ ನಾಲ್ಕು ಗಂಟೆಗೆ ಒಂದು ಪಾಳಿ. ಆಟ ಲಕ್ಷ ಮಾರಾಟವಾಗಲಿ, ಕೋಟಿಯಾಗಲಿ, ಸಿನಿಮಾ–ಟಿವಿಯವರಿಗೆ ಬರುವ ಹಾಗೆ ಮರುಪಾವತಿ ಇಲ್ಲ. ಜೊತೆಗೆ ಯುದ್ಧದ ಆಟಗಳಲ್ಲಿ ಗಂಟೆಗಟ್ಟಲೆ ಕಿರುಚಿ ಗಂಟಲು ಹರಿದುಕೊಳ್ಳುವ ಶಿಕ್ಷೆ. 2016ರ ಅಕ್ಟೋಬರಿನಲ್ಲಿ ಕೆಲವು ದೊಡ್ಡ ಕಂಪನಿಗಳ ವಿರುದ್ಧ ಮುಷ್ಕರ ಹೂಡಿ ಹನ್ನೊಂದು ತಿಂಗಳು ಕೂತರು. ಸಿಕ್ಕಿದ್ದು ಪಾಳಿಗಳ ಲೆಕ್ಕದಲ್ಲಿ ಒಂದಿಷ್ಟು ಬೋನಸ್, ಒಂದು ಆಟಕ್ಕೆ ಹೆಚ್ಚೆಂದರೆ 2,100 ಡಾಲರ್. 2024ರ ಜುಲೈನಲ್ಲಿ ಮತ್ತೆ ಮುಷ್ಕರ. ಈ ಸಲ ಜಗಳ ಯಂತ್ರದ ಜೊತೆ. ನಟನ ಹಳೆಯ ಧ್ವನಿಯನ್ನು ಕಂಪ್ಯೂಟರಿಗೆ ಉಣಿಸಿದರೆ ಅವನಿಲ್ಲದೆಯೇ ಅವನ ಕಂಠ ಹೊಸ ಮಾತಾಡುತ್ತದಲ್ಲ, ಅದು. 2025ರ ಜೂನ್‌ವರೆಗೆ ನಡೆಯಿತು. ಕಲಾವಿದನ ಒಪ್ಪಿಗೆ ಇಲ್ಲದೆ ಅವನ ಕಂಠದ ಪಡಿಯಚ್ಚು ಮಾಡಬಾರದು ಅಂತ ಕರಾರಾಯಿತು.

ಹೀಗೆ ನೋಡಿದರೆ ಮಾರ್ಟಿನೇ ಅದೃಷ್ಟವಂತ. ಮೇಳಗಳಲ್ಲಿ ಅವನನ್ನು ಕಂಡರೆ ದಾಡಿ ಬಂದ ಗಂಡಸರು ಕಣ್ಣು ಒರೆಸಿಕೊಳ್ಳುತ್ತಾರೆ. ಬೆಳ್ಳಿ ಕೂದಲಿನ ಎತ್ತರದ ಆಸಾಮಿ, ಕುಳ್ಳ ಮಾರಿಯೋನ ಲಕ್ಷಣ ಒಂದೂ ಇಲ್ಲ. ಬಾಯಿ ತೆರೆದರೆ ಮಾತ್ರ ಎದುರಿನವನು ಎಂಟು ವರ್ಷದ ಹುಡುಗ. ಪಟ್ಟಿಯಲ್ಲಿ ಹೆಸರೂ ಸೇರದೆ ಹೋದ ನೂರಾರು ಕಂಠಗಳ ನಡುವೆ ಇವನೊಬ್ಬನಿಗೆ ಮುಖ ಸಿಕ್ಕಿತು.

ಆ ಕಡೆ ಹೋಗುವ ಓದುಗರಿಗೆ ಒಂದು ಸೂಚನೆ. ರೆಡ್‌ಮಂಡಿನ ಗೇಟಿನ ಹತ್ತಿರ ನಿಂತು ಕಾಲ ಕಳೆಯಬೇಡಿ, ಒಳಗೆ ಬಿಡುವುದಿಲ್ಲ. ಕಂಪನಿಯ ಅಂಗಡಿ ನ್ಯೂಯಾರ್ಕಿನ ರಾಕೆಫೆಲ್ಲರ್ ಸೆಂಟರಿನಲ್ಲಿದೆ. 2025ರ ಮೇ 15ರಂದು ಸಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರಿನಲ್ಲಿ ಎರಡನೆಯದು ತೆರೆದಿದ್ದಾರೆ. ಮಾರ್ಟಿನೇ ಹುಟ್ಟಿದ ಸಾನ್ ಹೋಸೆ ಅಲ್ಲಿಂದ ರೈಲಿನಲ್ಲಿ ಹೋಗಿ ಬರುವಷ್ಟು ದೂರ. ಟಕ್ವಿಲಾಕ್ಕೆ ಹೋಗುವುದೇ ಆದರೆ ಕೊಡೆ ಮರೆಯಬೇಡಿ.